ಕೀಲಿಕೈ ಒತ್ತಿದ ನಾನಕಟಾಯಿ

ದೀಪಾವಳಿಗೆ ಇನ್ನೂ ಎಂಟು ದಿನ ಇರುವಾಗಲೇ ಯಡೂರಿನ ನಮ್ಮ ಓಣಿಯ ಕಟ್ಟೆಗಳ ಮೇಲೆ ಎಣ್ಣೆಯ ಖಾಲಿ ಡಬ್ಬಿಗಳು ಬಿಸಿಲಿಗೆ ಬೀಳುತ್ತಿದ್ದವು. ಬೂದಿ ಹಚ್ಚಿ ತಿಕ್ಕಿ, ತೊಳೆದು, ಬೋರಲು ಹಾಕಿದ ಡಬ್ಬಿಗಳು. ಅವನ್ನು ಕಂಡರೆ ಸಾಕು, ಭಟ್ಟಿಗೆ ಹೋಗುವ ದಿನ ಹತ್ತಿರ ಬಂತೆಂದು ನಮಗೆ ಗೊತ್ತಾಗುತ್ತಿತ್ತು. ಮಳೆಗಾಲದಲ್ಲಿ ಕೃಷ್ಣೆಯ ಹೊಟ್ಟೆಯೊಳಗೆ ಹೋಗಿಬಿಡುವ ಕಲ್ಲೋಳ-ಯಡೂರ ಬಾಂದಾರ ಆ ಹೊತ್ತಿಗೆ ಮೇಲೆದ್ದಿರುತ್ತಿತ್ತು. ಭಟ್ಟಿಯಿದ್ದ ಚಿಕ್ಕೋಡಿಯ ದಾರಿ ಮತ್ತೆ ಹತ್ತಿರವಾಗುತ್ತಿತ್ತು.

ಚಕ್ಕುಲಿ, ಶಂಕರಪೋಳಿ, ಕರಜಿಕಾಯಿ ಎಲ್ಲ ಮನೆಯ ಒಲೆಯ ಮೇಲೇ ಆಗುತ್ತಿದ್ದವು. ನಾನಕಟಾಯಿಗೆ ಮಾತ್ರ ಭಟ್ಟಿಯೇ ಬೇಕು. ಅವ್ವ ಎರಡು ಕಿಲೋ ಮೈದಾ, ಒಂದೂವರೆ ಕಿಲೋ ಸಕ್ಕರೆ, ಅಷ್ಟೇ ಡಾಲ್ಡಾ, ಒಂದು ಚೀಟಿಯಲ್ಲಿ ಕುಟ್ಟಿದ ಯಾಲಕ್ಕಿ ಕಟ್ಟಿಕೊಳ್ಳುತ್ತಿದ್ದಳು. ಸಕ್ಕರೆಯನ್ನು ಹಿಂದಿನ ದಿನವೇ ಗಿರಣಿಯಲ್ಲಿ ಬೀಸಿಸಿ, ತೆಳು ಅರಿವೆಯಲ್ಲಿ ಸೋಸಿ ಇಟ್ಟಿರುತ್ತಿದ್ದಳು. ಸುತ್ತಲೂ ಕಬ್ಬಿನ ಸೀಮೆ, ಆದರೂ ಅವಳು ಸಕ್ಕರೆಯನ್ನು ಒಂದು ಕಾಳು ಚೆಲ್ಲದಂತೆ ಅಳೆಯುತ್ತಿದ್ದ ರೀತಿ ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಭಟ್ಟಿಯ ಒಳಗೆ ಕಾಲಿಡುತ್ತಲೇ ಸುಟ್ಟ ಹಿಟ್ಟಿನ ವಾಸನೆ, ಅದರ ಹಿಂದೆಯೇ ಮೂಗಿಗೆ ಚುರ್ರೆನ್ನುವ ಅಮೋನಿಯಾದ ಘಾಟು. ಭಟ್ಟಿಯ ಯಜಮಾನರಾದ ಚಾಚಾ ಡಾಲ್ಡಾ, ಸಕ್ಕರೆಯನ್ನು ದೊಡ್ಡ ಪರಾತದಲ್ಲಿ ಹಾಕಿ ಅಂಗೈಯಿಂದ ತಿಕ್ಕುತ್ತಿದ್ದರು. ಹಳದಿ ಬೆಳ್ಳಗಾಗಿ, ಬೆಳ್ಳಗಿದ್ದದ್ದು ಬೆಣ್ಣೆಯ ಹಾಗೆ ಹಗುರಾಗುವವರೆಗೆ ತಿಕ್ಕಬೇಕು. ಅವ್ವ ನಿಂತಲ್ಲಿಂದಲೇ ಹೇಳುತ್ತಿದ್ದಳು: “ಚಾಚಾ, ಇನ್ನೊಂದೀಟು ತಿಕ್ಕರಿ. ಬಾಯಾಗ ಇಟ್ಟರ ಕರಗಬೇಕು.” “ಕರಗತೈತಿ ಬೇಟಿ, ನೀ ಕುಂದ್ರು,” ಎನ್ನುತ್ತಿದ್ದರು ಅವರು. ಪ್ರತಿ ವರ್ಷ ಇದೇ ಮಾತು.

ಜಾಲಿ ಕಟ್ಟಿಗೆ ಉರಿಸಿ ಇಟ್ಟಿಗೆ ಕಾಯಿಸಿ, ಕೆಂಡ ಎಳೆದು, ಒದ್ದೆ ಗೋಣಿಯಿಂದ ಒಳಗಿನ ನೆಲ ಒರೆಸುತ್ತಿದ್ದರು. ಮೊದಲ ಉರಿಗೆ ಪಾವು, ಬ್ರೆಡ್ಡು. ಆ ಕಾವು ಇಳಿದ ಮೇಲೆ ನಾನಕಟಾಯಿ. ಕೊನೆಗೆ ಆರುತ್ತಿರುವ ಭಟ್ಟಿಯಲ್ಲಿ ನಿನ್ನೆಯ ಬ್ರೆಡ್ಡಿನ ಚೂರುಗಳು ಒಣಗಿ ಟೋಸ್ಟ್ ಆಗುತ್ತಿದ್ದವು. ಬಿಸ್ಕೀಟು ಎಂಬ ಶಬ್ದದ ಬೇರು ಲ್ಯಾಟಿನ್ನಿನಲ್ಲಿದೆ, ಅದಕ್ಕೆ ಎರಡು ಸಲ ಬೆಂದದ್ದು ಎಂದರ್ಥ ಎಂದು ಮುಂದೆ ಓದಿದಾಗ ನನಗೆ ನೆನಪಾದದ್ದು ಈ ಟೋಸ್ಟು. ಇಟಲಿಯ ಪ್ರಾತೊ ಊರಿನಲ್ಲಿ ಆಂತೋನಿಯೊ ಮತ್ತೆಯಿ ಎಂಬವನು 1858ರಲ್ಲಿ ಅಂಗಡಿ ತೆರೆದು ಹೆಸರು ಮಾಡಿದ ಬಾದಾಮಿ ಬಿಸ್ಕೀಟು ಕೂಡ ಇದೇ ಜಾತಿಯದು. ಅಲ್ಲಿಯವರು ಅದನ್ನು ಸಿಹಿ ದ್ರಾಕ್ಷಾರಸದಲ್ಲಿ ಅದ್ದುತ್ತಾರೆ. ನಮ್ಮಲ್ಲಿ ಬಸ್ಸಿಯ ಚಹಾದಲ್ಲಿ.

ನಾನಕಟಾಯಿ ನಮ್ಮ ಹೊಳೆಸಾಲಿಗೆ ಹೊರಗಿನಿಂದಲೇ ಬಂದದ್ದು. ನಾನ್ ಎಂದರೆ ಫಾರಸಿಯಲ್ಲಿ ರೊಟ್ಟಿ. ಸೂರತ್ತಿನ ಡಚ್ಚರ ಭಟ್ಟಿಯಲ್ಲಿ ಕೆಲಸ ಕಲಿತ ಪಾರ್ಸಿಗಳು, ಡಚ್ಚರು ಹೋದ ಮೇಲೆ ಖರ್ಚಾಗದ ಬ್ರೆಡ್ಡನ್ನು ಒಣಗಿಸಿ ಮಾರುತ್ತ ಮಾರುತ್ತ ನಾನಕಟಾಯಿಗೆ ಬಂದರೆಂಬ ಮಾತಿದೆ. ಎಲ್ಲಿಂದಲೇ ಬರಲಿ, ನನಗೆ ಅದು ಅವ್ವನ ತಿನಿಸು.

ಯಾಕೆಂದರೆ ಅದರ ಮೇಲೆ ಅವಳ ಗುರುತಿತ್ತು. ಹಬ್ಬದ ಮುಂದೆ ಭಟ್ಟಿಯಲ್ಲಿ ಹತ್ತಾರು ಮನೆಯವರ ಹಿಟ್ಟು ಒಟ್ಟಿಗೆ ಬಂದು ಬೀಳುತ್ತಿತ್ತು. ಯಾವ ಪತ್ರಾ ಯಾರದೆಂದು ತಿಳಿಯಬೇಕಲ್ಲ! ಒಬ್ಬರು ಚಾರೋಳಿ ಒತ್ತುತ್ತಿದ್ದರು, ಇನ್ನೊಬ್ಬರು ಕೇಸರಿ ಬಣ್ಣದ ಬೊಟ್ಟು ಇಡುತ್ತಿದ್ದರು. ಅವ್ವ ಸೊಂಟಕ್ಕೆ ಸಿಕ್ಕಿಸಿದ್ದ ಟ್ರಂಕಿನ ಕೀಲಿಕೈ ತೆಗೆದು, ಸೆರಗಿನಿಂದ ಒರೆಸಿ, ಅದರ ದುಂಡನೆ ತಲೆಯನ್ನು ಒಂದೊಂದು ಉಂಡೆಯ ನೆತ್ತಿಯ ಮೇಲೂ ಮೆಲ್ಲಗೆ ಒತ್ತುತ್ತಿದ್ದಳು. ಬೆಂದು ಬಂದಾಗ ಅಂಚು ಬಿರಿದು, ಉಂಗುರ ಸ್ವಲ್ಪ ಅಗಲವಾಗಿ, ಆದರೂ ಅಳಿಯದೆ ಉಳಿದಿರುತ್ತಿತ್ತು. ಪಾಳಿ ಬರುವುದಕ್ಕೆ ಮಧ್ಯಾಹ್ನವಾಗುತ್ತಿತ್ತು. ಅಷ್ಟರಲ್ಲಿ ಪರವೂರಿನ ಹೆಂಗಸರು ಅವ್ವನಿಗೆ ಮಗಳ ಲಗ್ನದ ವಿಷಯ, ಎಮ್ಮೆಯ ವಿಷಯ ಎಲ್ಲ ಹೇಳಿ ಮುಗಿಸಿರುತ್ತಿದ್ದರು.

ದಕ್ಷಿಣ ಇಟಲಿಯ ಮತೇರಾದಲ್ಲೂ ಹೀಗೇ ಇತ್ತಂತೆ. ಮನೆಯಲ್ಲಿ ನಾದಿದ ಹಿಟ್ಟನ್ನು ಊರ ಭಟ್ಟಿಗೆ ಒಯ್ಯುವುದು, ರೊಟ್ಟಿ ಬದಲಾಗದಿರಲೆಂದು ಮನೆತನದ ಗುರುತು ಕೆತ್ತಿದ ಕಟ್ಟಿಗೆಯ ಮುದ್ರೆ ಒತ್ತುವುದು. ಈಗ ಆ ಮುದ್ರೆಗಳನ್ನು ಪ್ರವಾಸಿಗರು ನೆನಪಿಗೆಂದು ಕೊಂಡೊಯ್ಯುತ್ತಾರೆ. ಅದನ್ನು ಓದಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಹತ್ತಲಿಲ್ಲ.

ನಮ್ಮ ಚಾಚಾನ ಭಟ್ಟಿ ಈಗ ಇಲ್ಲ. ಅದರ ಜಾಗದಲ್ಲಿ ಮೊಬೈಲ್ ಅಂಗಡಿ. ಬೇರೆ ಬೇಕರಿಗಳಿಗೆ ಕರೆಂಟಿನ ಓವನ್ ಬಂದಿದೆ, ಹಬ್ಬದ ಗದ್ದಲದಲ್ಲಿ ಮನೆಯವರ ಎರಡು ಕಿಲೋ ಹಿಟ್ಟಿಗೆ ಅವರಿಗೆ ಪುರುಸೊತ್ತಿಲ್ಲ. “ರೆಡಿ ಅದಾವಲ್ರೀ, ತಗೊಂಡ ಹೋಗ್ರಿ,” ಎನ್ನುತ್ತಾರೆ. ಅದೂ ನಿಜವೇ. ಮನೆಯಲ್ಲೂ ಯಾರಿಗೆ ಅರ್ಧ ದಿನ ಕೂಡ್ರುವ ವ್ಯವಧಾನವಿದೆ? ಪ್ಲಾಸ್ಟಿಕ್ ಡಬ್ಬಿಯ ನಾನಕಟಾಯಿ ತಂದು ತಾಟಿನಲ್ಲಿ ಜೋಡಿಸುತ್ತೇವೆ. ಎಲ್ಲ ಒಂದೇ ಅಳತೆ, ಎಲ್ಲದರ ನೆತ್ತಿಯೂ ಒಂದೇ ಥರ. ರುಚಿ ಕೆಟ್ಟದ್ದೆಂದು ಹೇಳಲಾರೆ. ಆದರೆ ಅವು ಯಾರ ಮನೆಯವೂ ಅಲ್ಲ, ಮತ್ತು ಈ ನೋವು ನನ್ನನ್ನು ಪ್ರತಿ ದೀಪಾವಳಿಗೂ ಕಾಡುತ್ತದೆ.

2019ರ ಆಗಸ್ಟಿನ ಹೊಳೆ ಮನೆಯೊಳಗೆ ಬಂದು ಹೋದಾಗ ಅವ್ವನ ಟ್ರಂಕಿನ ತಳ ತುಕ್ಕು ಹಿಡಿದು ಉದುರಿತು. ಗುಜರಿಯವನಿಗೆ ಕೊಟ್ಟೆವು. ಕೀಲಿಕೈ ಮಾತ್ರ ನನ್ನ ಹತ್ತಿರ ಉಳಿಯಿತು. ಹೋದ ದೀಪಾವಳಿಗೆ ಮಗಳು ಮನೆಯ ಓವನ್ನಿನಲ್ಲಿ ಹನ್ನೆರಡು ನಾನಕಟಾಯಿ ಮಾಡುತ್ತೇನೆಂದಳು. ನಾನು ಕೀಲಿಕೈಯನ್ನು ಬಿಸಿನೀರಿನಲ್ಲಿ ತೊಳೆದು ಅವಳ ಕೈಗೆ ಕೊಟ್ಟೆ. “ಇದು ಯಾವ ಕೀಲಿದು ಅಪ್ಪಾ?” ಎಂದಳು. ಹೇಳಲು ಗಂಟಲು ಕಟ್ಟಿತು. ಹೇಗೆ ಒತ್ತಬೇಕೆಂದು ಮೊದಲನೆಯದರ ಮೇಲೆ ತೋರಿಸಿದೆ, ಉಳಿದ ಹನ್ನೊಂದನ್ನು ಅವಳೇ ಒತ್ತಿದಳು.