ಗಾಜಿನ ಒಳಮೈ

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ನಮ್ಮ ಶಾಲೆಯಿಂದ ಕಾಗದವು ಬಂದಾಗ, ವಿದ್ಯೆ, ಶಿಸ್ತು ಮೊದಲಾದ ದೊಡ್ಡ ವಿಷಯಗಳನ್ನು ನನಗಿಂತ ಬಲ್ಲವರು ಬರೆಯುವರೆಂದು ತಿಳಿದು, ಚಿಕ್ಕದೊಂದನ್ನು ಆರಿಸಿಕೊಂಡೆನು. ಅದು ಮೋಟಾರು ಗಾಡಿಯ ಮುಂಭಾಗದ ಗಾಜನ್ನು ಶುಚಿಮಾಡುವ ವಿಷಯ. ಶಾಲೆಯ ಸಂಚಿಕೆಯಲ್ಲಿ ಇದಕ್ಕೇನು ಸ್ಥಳವೆಂದು ವಾಚಕರು ನಗಬಹುದು. ಆದರೆ ಈ ಕೆಲಸದ ಮೊದಲನೆಯ ಪಾಠವನ್ನು ನಾನು ಕಲಿತದ್ದು ಇಲ್ಲಿಯೇ. ಅದನ್ನು ಮರೆತುದರ ಫಲವನ್ನು ಬಹಳ ವರ್ಷಗಳ ತರುವಾಯ ಒಂದು ಮಳೆಯ ಸಂಜೆ ಉಣ್ಣಬೇಕಾಯಿತು.

1964ರಲ್ಲಿ ನಾನು ಬೋರ್ಡಿಂಗಿಗೆ ಸೇರಿದಾಗ ಮಳೆಗಾಲದಲ್ಲಿ ವಿದ್ಯುದ್ದೀಪಗಳನ್ನು ನಂಬುವಂತಿರಲಿಲ್ಲ. ಸಂಜೆಯ ಪಾಠಕ್ಕೆ ಲಾಟೀನುಗಳೇ ಗತಿ. ಕೆಲಸಗಳನ್ನು ಹಂಚುವಾಗ ಅವುಗಳ ಗಾಜಿನ ಬುರುಡೆಗಳು ನನ್ನ ಪಾಲಿಗೆ ಬಂದವು. ನುಣ್ಣನೆಯ ಬೂದಿಯಿಂದ ಉಜ್ಜಿ, ಹಳೆಯ ವೃತ್ತಪತ್ರಿಕೆಯಿಂದ ಒರೆಸಬೇಕು. ಮೊದಲನೆಯ ದಿನ ನಾನು ಹೊರಮೈಯನ್ನು ಥಳಥಳಿಸುವಂತೆ ಒರೆಸಿ ತಂದೆನು. ಮೇಟ್ರನ್ ಅಮ್ಮನವರು ಬುರುಡೆಯನ್ನು ಬೆಳಕಿಗೆ ಹಿಡಿದು, "ಮಗೂ, ಹೊಗೆ ಏಳುವುದು ಎಲ್ಲಿ? ಒಳಗಲ್ಲವೆ? ಒಳಗೆ ಕೈಹಾಕದೆ ಹೊರಗೆ ಎಷ್ಟು ಉಜ್ಜಿದರೇನು?" ಎಂದರು. ದೊಡ್ಡವರ ಕೈ ಹಿಡಿಸದ ಬುರುಡೆಯೊಳಗೆ ನನ್ನ ಪುಟ್ಟ ಕೈ ಸುಲಭವಾಗಿ ಹೋಗುತ್ತಿತ್ತು. ಆ ಕಾರಣದಿಂದಲೇ ಕೆಲಸವು ನನಗೆ ದೊರೆತಿತ್ತೆಂದು ಆಮೇಲೆ ತಿಳಿಯಿತು.

ಐವತ್ತು ವರ್ಷಗಳು ಕಳೆದವು. 2014ರ ಜುಲೈ ತಿಂಗಳಿನಲ್ಲಿ ಒಂದು ಸಂಜೆ ನಾನೂ ನನ್ನ ಮಗಳೂ ಪುತ್ತೂರಿನಿಂದ ಮಂಗಳೂರಿಗೆ ಹೊರಟೆವು. ಗಾಡಿಯನ್ನು ನಾನೇ ನಡೆಸುತ್ತಿದ್ದೆನು. ಬೆಳಿಗ್ಗೆಯಷ್ಟೇ ಗಾಜನ್ನು ಹೊರಗಿನಿಂದ ತೊಳೆದಿದ್ದೆನಾದ್ದರಿಂದ ಮನಸ್ಸಿಗೆ ನೆಮ್ಮದಿಯಿತ್ತು. ಕಲ್ಲಡ್ಕವನ್ನು ದಾಟುವಷ್ಟರಲ್ಲಿ ಕತ್ತಲು ಕವಿದು ಮಳೆ ಸುರಿಯತೊಡಗಿತು. ಎದುರಿನಿಂದ ಬಂದ ಲಾರಿಯೊಂದರ ದೀಪಗಳ ಬೆಳಕು ಬಿದ್ದೊಡನೆ ಗಾಜೆಲ್ಲ ಹಾಲು ಬಳಿದಂತೆ ಬೆಳ್ಳಗಾಯಿತು. ವೈಪರು ಎಡೆಬಿಡದೆ ಓಡುತ್ತಿದ್ದರೂ ದಾರಿ ಕಾಣದು. "ಅಮ್ಮಾ, ಎದುರಿಗೆ ಯಾರೋ!" ಎಂದು ಮಗಳು ಕೂಗಿದಳು. ಬ್ರೇಕನ್ನು ಒತ್ತಿದೆನು. ಗಾಡಿಯು ನಿಂತಾಗ, ಎರಡು ಮೊಳದಷ್ಟು ಮುಂದೆ ಕಪ್ಪು ಕೊಡೆ ಹಿಡಿದ ಹೆಂಗಸೊಬ್ಬಳು ಸೊಂಟದ ಮೇಲೆ ಮಗುವನ್ನು ಇರಿಸಿಕೊಂಡು ನಿಂತಿದ್ದಳು. ಆಕೆ ಏನೂ ಅನ್ನಲಿಲ್ಲ. ನಮ್ಮತ್ತ ಒಮ್ಮೆ ನೋಡಿ ರಸ್ತೆಯನ್ನು ದಾಟಿ ಹೋದಳು. ನನ್ನ ಕೈಗಳ ನಡುಕವು ಮಂಗಳೂರು ಮುಟ್ಟುವವರೆಗೂ ನಿಲ್ಲಲಿಲ್ಲ.

ಮರುದಿನ ಬೆಳಿಗ್ಗೆ ಗಾಡಿಯಲ್ಲಿ ಕುಳಿತು ಗಾಜಿನ ಒಳಮೈಯ ಮೇಲೆ ಬೆರಳನ್ನು ಎಳೆದೆನು. ಗೆರೆಯು ಸ್ಪಷ್ಟವಾಗಿ ಮೂಡಿತು. ಬೆರಳಿಗೆ ಜಿಡ್ಡು ಹತ್ತಿತು. ಬಿಸಿಲಿನಲ್ಲಿ ನಿಂತ ಗಾಡಿಯೊಳಗಿನ ಪ್ಲಾಸ್ಟಿಕ್ಕು ಕಾಯ್ದಾಗ ಅದರಿಂದ ಸೂಕ್ಷ್ಮವಾದ ಆವಿಯು ಹೊರಟು ಗಾಜಿನ ಮೇಲೆ ತೆಳುವಾದ ಪೊರೆಯಾಗಿ ಕೂಡುತ್ತದೆ. ಧೂಳೂ ಕೈಯ ಜಿಡ್ಡೂ ಅದರೊಡನೆ ಸೇರುತ್ತವೆ. ಹಗಲಿನಲ್ಲಿ ಈ ಪೊರೆಯು ಕಣ್ಣಿಗೆ ಬೀಳುವುದೇ ಅಪರೂಪ. ಇರುಳಿನಲ್ಲಿ ಎದುರಿನ ದೀಪದ ಬೆಳಕನ್ನು ಅದು ಎಲ್ಲ ಕಡೆಗೂ ಚೆದರಿಸಿ ಮುಂದಿರುವುದನ್ನು ಮರೆಮಾಡುತ್ತದೆ. ವೈಪರು ಒರೆಸುವುದು ಹೊರಮೈಯನ್ನು ಮಾತ್ರ. ಮೇಟ್ರನ್ ಅಮ್ಮನವರ ಮಾತು ಅರ್ಧ ಶತಮಾನದ ಆಚೆಯಿಂದ ಕೇಳಿಬಂದಂತಾಯಿತು.

ಅಂದಿನಿಂದ ನಾನು ಅನುಸರಿಸುತ್ತಿರುವ ಕ್ರಮವು ಹೀಗಿದೆ. ಗಾಡಿಯನ್ನು ನೆರಳಿನಲ್ಲಿ ನಿಲ್ಲಿಸಿ ಗಾಜು ತಣಿದ ಮೇಲೆ ಕೆಲಸಕ್ಕೆ ಕೈಹಾಕಬೇಕು. ಬಿಸಿ ಗಾಜಿನ ಮೇಲೆ ದ್ರವವು ಬೇಗನೆ ಒಣಗಿ ಕಲೆಯಾಗುತ್ತದೆ. ನವುರಾದ ಎರಡು ಬಟ್ಟೆಗಳು ಬೇಕು: ಒದ್ದೆಯದೊಂದು, ಒಣಗಿದುದೊಂದು. ಗಾಜು ಒರೆಸುವ ದ್ರವವನ್ನು ಬಟ್ಟೆಗೆ ಹಾಕಬೇಕೇ ಹೊರತು ಗಾಜಿಗೆ ಎರಚಬಾರದು. ಅಮೋನಿಯ ಕೂಡಿದ ದ್ರವವು ಗಾಜಿಗೆ ಅಂಟಿಸಿದ ಬಣ್ಣದ ಹಾಳೆಯನ್ನು ಕೆಡಿಸೀತು. ಒಳಮೈಯನ್ನು ಅಡ್ಡಲಾಗಿಯೂ ಹೊರಮೈಯನ್ನು ಮೇಲಿನಿಂದ ಕೆಳಕ್ಕೂ ಒರೆಸಿದರೆ, ಉಳಿದ ಗೆರೆಯು ಯಾವ ಬದಿಯದೆಂದು ಒಡನೆಯೇ ತಿಳಿಯುತ್ತದೆ.

ಹೊರಮೈಯ ಕಾಟವು ಬೇರೆ. ಗಡಸು ನೀರಿನಿಂದ ತೊಳೆದು ಹಾಗೆಯೇ ಒಣಗಲು ಬಿಟ್ಟರೆ ಸುಣ್ಣದಂತಹ ಬಿಳಿಯ ಕಲೆಗಳು ನಿಲ್ಲುತ್ತವೆ. ನೀರು ಬೆರೆಸಿದ ವಿನಿಗರಿನಿಂದ ಅವು ಕರಗುತ್ತವೆ; ಆಮೇಲೆ ಚೆನ್ನಾಗಿ ತೊಳೆಯಬೇಕು. ವೈಪರಿನ ರಬ್ಬರು ಬಿಸಿಲಿಗೆ ಗಟ್ಟಿಯಾಗಿದ್ದರೆ ಅದನ್ನು ಬದಲಾಯಿಸದೆ ಉಪಾಯವಿಲ್ಲ. ನಮ್ಮ ಬಾಲ್ಯದಲ್ಲಿ ಬಸ್ಸಿನ ಚಾಲಕರು ಮಳೆ ಬಂದಾಗ ಇಳಿದು ಹೊಗೆಸೊಪ್ಪಿನ ಪುಡಿಯನ್ನು ಗಾಜಿಗೆ ತಿಕ್ಕುತ್ತಿದ್ದುದನ್ನು ನಾನು ಕಂಡಿದ್ದೇನೆ. ಈಗ ನೀರು ನಿಲ್ಲದಂತೆ ಮಾಡುವ ಸಿಲಿಕೋನಿನ ಲೇಪಗಳು ದೊರೆಯುತ್ತವೆ. ಅವನ್ನು ಹಚ್ಚಿದರೆ ಮಳೆಯ ನೀರು ಹನಿಹನಿಯಾಗಿ ಕೂಡಿ, ಗಾಡಿಯ ವೇಗದ ಗಾಳಿಗೆ ಜಾರಿಹೋಗುತ್ತದೆ. ಆದರೆ ಕೊಳೆಯಿದ್ದ ಗಾಜಿಗೆ ಹಚ್ಚಿದ ಲೇಪವು ಹಿಡಿಯದು. ಹಿಡಿದದ್ದೂ ಕಾಲಕ್ರಮದಲ್ಲಿ ಸವೆಯುವುದು.

ಈ ವಿಷಯವನ್ನು ಓದುತ್ತಿರುವಾಗ ನಮ್ಮ ಹುಡುಗಿಯರಿಗೆ ತಿಳಿಸಬೇಕಾದ ಒಂದು ಹೆಸರು ದೊರೆಯಿತು. ಅಮೆರಿಕದ ಅಲಬಾಮ ಪ್ರಾಂತದ ಮೇರಿ ಆಂಡರ್ಸನ್ ಎಂಬ ಮಹಿಳೆಯು ಚಳಿಗಾಲದಲ್ಲಿ ನ್ಯೂಯಾರ್ಕಿನ ಟ್ರಾಮಿನಲ್ಲಿ ಕುಳಿತಿದ್ದಾಗ, ಗಾಜಿಗೆ ಹಿಮ ಕಟ್ಟಿ ದಾರಿ ಕಾಣದೆ ಚಾಲಕನು ಪಡುತ್ತಿದ್ದ ಕಷ್ಟವನ್ನು ಕಂಡರು. ಒಳಗಿನಿಂದ ಹಿಡಿಯನ್ನು ತಿರುಗಿಸಿದರೆ ಹೊರಗೆ ರಬ್ಬರಿನ ಪಟ್ಟಿಯು ಗಾಜನ್ನು ಒರೆಸುವಂತಹ ಸಾಧನಕ್ಕೆ 1903ರಲ್ಲಿ ಪೇಟೆಂಟನ್ನು ಪಡೆದರು. ಅದರಿಂದ ಅವರಿಗೆ ಹಣವೇನೂ ಬರಲಿಲ್ಲ. ಅವರು 1953ರಲ್ಲಿ ತೀರಿಕೊಂಡರು. 2011ರಲ್ಲಿ ಆ ದೇಶದ ರಾಷ್ಟ್ರೀಯ ಆವಿಷ್ಕಾರಕರ ಗೌರವ ಪಟ್ಟಿಯಲ್ಲಿ ಅವರ ಹೆಸರು ಸೇರಿತು. ಟ್ರಾಮಿನಲ್ಲಿದ್ದವರೆಲ್ಲ ಆ ಕಷ್ಟವನ್ನು ಕಂಡಿರಬೇಕು. ಅದು ತನಗೆ ಸೇರಿದ ಕೆಲಸವೆಂದು ತಿಳಿದವರು ಅವರು.

ಕೊಡೆ ಹಿಡಿದಿದ್ದ ಆ ಹೆಂಗಸು ಯಾರೋ, ಆಕೆಯ ಮಗುವು ಈಗ ಎಷ್ಟು ಬೆಳೆದಿದೆಯೋ ನಾನರಿಯೆನು. ಗಾಜನ್ನು ಒರೆಸುವಾಗಲೆಲ್ಲ ಅವರಿಬ್ಬರೂ ನನ್ನ ಕಣ್ಣಮುಂದೆ ಬರುತ್ತಾರೆ. ಗಾಡಿ ನಡೆಸುವ ಸೋದರಿಯರಲ್ಲಿಯೂ ತಂದೆತಾಯಿಗಳಲ್ಲಿಯೂ ನನ್ನದೊಂದೇ ಬಿನ್ನಹ: ಮುಂದಿನ ಮಳೆ ಬರುವ ಮೊದಲು ಗಾಜಿನ ಒಳಮೈಯ ಮೇಲೆ ಒಮ್ಮೆ ಬೆರಳನ್ನು ಎಳೆದು ನೋಡಿರಿ.