ಸದ್ದು ನೆಲದ್ದಲ್ಲ, ನನ್ನ ಕೈಯದು

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮೊಲಿಯಾಗಲ್‌ನಲ್ಲಿ 1869ರಲ್ಲಿ 'ವೆಲ್ಕಮ್ ಸ್ಟ್ರೇಂಜರ್' ಎಂಬ ಭಾರಿ ಚಿನ್ನದ ಗಟ್ಟಿ ಸಿಕ್ಕಿತ್ತು, ಮರದ ಬುಡದಲ್ಲಿ, ಮಣ್ಣಿನ ಮೇಲ್ಪದರದಲ್ಲೇ. 1980ರಲ್ಲಿ ಕಿಂಗೋವರ್ ಬಳಿ ಸಿಕ್ಕ 27 ಕಿಲೋ ತೂಕದ 'ಹ್ಯಾಂಡ್ ಆಫ್ ಫೇಯ್ತ್' ಗಟ್ಟಿಯನ್ನು ಪತ್ತೆ ಮಾಡಿದ್ದು ಮೆಟಲ್ ಡಿಟೆಕ್ಟರ್. ನಮ್ಮ ಕೋಲಾರದ ಚಿನ್ನ ಬಂಡೆಯೊಳಗಿನ ಬೆಣಚುಕಲ್ಲಿನ ಪಟ್ಟೆಗಳಲ್ಲಿತ್ತು. ಅದನ್ನು ಹುಡುಕುತ್ತಾ ಮೂರು ಕಿಲೋಮೀಟರಿಗೂ ಹೆಚ್ಚು ಆಳ ಇಳಿದರು. ಆದರೆ ವಿಕ್ಟೋರಿಯಾದಲ್ಲಿ ಒಂಟಿ ಮನುಷ್ಯನಿಗೂ ಅವಕಾಶವಿದೆ. ಮೆಲ್ಬರ್ನ್‌ಗೆ ಬಂದು ನೆಲೆಸಿದ ನಾನು 'ಮೈನರ್ಸ್ ರೈಟ್' ಪರವಾನಗಿ ಪಡೆದು, ಡಿಟೆಕ್ಟರ್ ಕೊಂಡು, ಆ ಗಟ್ಟಿಗಳು ಸಿಕ್ಕ ಕಡೆಯ ಕಾಡಿಗೆ ಹೋಗತೊಡಗಿದೆ.

ಆಳದ ಚಿನ್ನವೂ ಸಿಗಲೆಂಬ ಆಸೆಯಿಂದ ಡಿಟೆಕ್ಟರ್‌ನ ಸೆನ್ಸಿಟಿವಿಟಿಯನ್ನು ತುದಿಗೆ ಏರಿಸಿದ್ದೆ. ಅಲ್ಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದಂಶ ಹೇರಳ. ಹಾಗಾಗಿ ಚಿನ್ನಕ್ಕಿಂತ ಮೊದಲು ಮಣ್ಣಿನ ಗದ್ದಲವೇ ದೊಡ್ಡದಾಯಿತು. ಜೊತೆಗೆ ಅವಸರದಿಂದ ಬೀಸುತ್ತಿದ್ದೆ. ದಂಡದ ತುದಿಯಲ್ಲಿರುವ, ಲೋಹ ಗುರುತಿಸುವ ಕಾಯಿಲ್ ಉಯ್ಯಾಲೆಯ ಹಾಗೆ ಎರಡೂ ತುದಿಯಲ್ಲಿ ಮೇಲೇಳುತ್ತಿತ್ತು. ಎತ್ತರ ಬದಲಾದಾಗಲೆಲ್ಲ ಸದ್ದು. ಅಗೆದರೆ ಬರೀ ಮಣ್ಣು. ಅಗೆದು ಅಗೆದು ಬೇಸತ್ತು, ಸಣ್ಣ ಸದ್ದುಗಳನ್ನೆಲ್ಲ ಸುಳ್ಳೆಂದು ದಾಟಿಬಿಡುವುದನ್ನು ರೂಢಿ ಮಾಡಿಕೊಂಡೆ.

ನಿಜವಾದ ಸೋಲು ಇದೇ. ನಾನು ಬೀಸಿ ಮುಗಿಸಿದ್ದ ಜಾಗದಲ್ಲೇ, ಜೊತೆಗೆ ಬಂದಿದ್ದ ಹಿರಿಯರೊಬ್ಬರು ನಿಧಾನವಾಗಿ ನಡೆದು ಚಿನ್ನದ ಚಿಕ್ಕ ಗಟ್ಟಿಯೊಂದನ್ನು ತೆಗೆದರು. ಯಂತ್ರವೇ ಸರಿಯಿಲ್ಲವೆಂದು ದೂರಿದೆ. "ಮೆಷಿನ್ನು ಸುಳ್ಳು ಹೇಳ್ತಿಲ್ಲ ಕಣಪ್ಪ. ಕಾಯಿಲ್ ಎತ್ತಿದ್ದು ನೀನು, ಅದನ್ನೇ ಅದು ಹೇಳ್ತಿದೆ" ಅಂದರು.

ಅವರಿಂದ ಕಲಿತದ್ದನ್ನೇ ಇಂದಿಗೂ ಪಾಲಿಸುತ್ತೇನೆ. ಮೊದಲು ಮೊಬೈಲ್ ದೂರವಿಡಬೇಕು, ಇನ್ನೊಬ್ಬರ ಡಿಟೆಕ್ಟರ್‌ನಿಂದ ದೂರ ಸರಿಯಬೇಕು, ಕಾಯಿಲ್‌ನ ಕೇಬಲ್ ಅಲುಗಾಡದಂತೆ ದಂಡಕ್ಕೆ ಸುತ್ತಿಕೊಳ್ಳಬೇಕು. ಬೂಟಿನ ತುದಿಯಲ್ಲಿ ಉಕ್ಕಿದ್ದರೆ ಅದೂ ಸದ್ದು ಹುಟ್ಟಿಸುತ್ತದೆ. ಲೋಹವಿಲ್ಲದ ಜಾಗದಲ್ಲಿ ಕಾಯಿಲನ್ನು ಮೇಲೆ ಕೆಳಗೆ ಆಡಿಸಿ, ದನಿ ಸಮವಾಗುವವರೆಗೆ, ಮಣ್ಣಿನ ಸದ್ದನ್ನು ಅಡಗಿಸುವ 'ಗ್ರೌಂಡ್ ಬ್ಯಾಲೆನ್ಸ್' ಮಾಡಬೇಕು. ಮಣ್ಣು ಬದಲಾದರೆ ಮತ್ತೆ ಮಾಡಬೇಕು. ಗದ್ದಲ ಅಡಗುವವರೆಗೆ ಸೆನ್ಸಿಟಿವಿಟಿ ಇಳಿಸಬೇಕು. ಕಾಯಿಲ್ ನೆಲಕ್ಕೆ ಹತ್ತಿರವಾಗಿ, ಸಮಾನಾಂತರವಾಗಿ, ಕಲ್ಲು ಕಡ್ಡಿಗೆ ಬಡಿಯದಂತೆ ಸಾಗಬೇಕು. ಬೀಸು ಚಿಕ್ಕದಿದ್ದರೆ ತುದಿಗಳು ಏಳುವುದಿಲ್ಲ. ಒಂದು ಬೀಸಿನ ಅರ್ಧಭಾಗವನ್ನಾದರೂ ಮುಂದಿನದು ಮುಚ್ಚಬೇಕು.

ಸದ್ದು ಬಂದರೆ ಅಲ್ಲೇ ನಿಂತು ಮತ್ತೆ ಬೀಸುತ್ತೇನೆ. ಆಮೇಲೆ ಅಡ್ಡ ತಿರುಗಿ ಇನ್ನೊಂದು ದಿಕ್ಕಿನಿಂದ ನೋಡುತ್ತೇನೆ. ಎರಡೂ ಕಡೆಯಿಂದ ಒಂದೇ ಜಾಗದಲ್ಲಿ ಕೇಳಿದರೆ, ಎಷ್ಟೇ ಕ್ಷೀಣವಾಗಿರಲಿ, ಅಗೆಯುತ್ತೇನೆ. ಮೇಲ್ಮಣ್ಣನ್ನು ಕೆರೆದ ಮೇಲೆ ದನಿ ಬಲವಾದರೆ ಗುರಿ ಕೆಳಗಿದೆ ಎಂದರ್ಥ. ಕಲ್ಲೊಂದನ್ನು ಸರಿಸಿದಾಗ ಸದ್ದೂ ಅದರ ಜೊತೆ ಹೋಗಿ, ಕಾಯಿಲ್ ಸ್ವಲ್ಪ ಎತ್ತಿದೊಡನೆ ದನಿ ಕುಸಿದರೆ, ಅದು ಬಹುಮಟ್ಟಿಗೆ 'ಹಾಟ್ ರಾಕ್' ಎಂಬ ಕಬ್ಬಿಣದಂಶದ ಕಲ್ಲು.

ಈ ಹವ್ಯಾಸಕ್ಕೆ ಹೊಸದಾಗಿ ಇಳಿಯುವವರಲ್ಲಿ ನನ್ನ ವಿನಂತಿ ಇಷ್ಟೇ: ದುಬಾರಿ ಯಂತ್ರ ಕೊಳ್ಳುವ ಮುನ್ನ ಕೈಯ ಬೀಸನ್ನು ತಿದ್ದಿಕೊಳ್ಳಿ. ಸಣ್ಣ ಸದ್ದನ್ನು ಪರೀಕ್ಷಿಸದೆ ಸುಳ್ಳೆನ್ನಬೇಡಿ. ಅಗೆದ ಗುಂಡಿಯನ್ನು, ಏನೂ ಸಿಗದಿದ್ದರೂ, ಮುಚ್ಚಿಯೇ ಮುಂದೆ ಹೋಗಿ.