ಏನಿಲ್ರಿ, ಮನ್ಯಾಗ ಇರ್ತೀನಿ

ರೋಣ ಸೀಮೆಯ ನಮ್ಮ ನರೇಗಲ್ಲಿನ ಯಾವ ಓಣಿಯಲ್ಲಾದರೂ ಒಬ್ಬ ಹೆಣ್ಣುಮಗಳನ್ನು ನಿಲ್ಲಿಸಿ, "ಏನ್ ಕೆಲಸ ಮಾಡ್ತೀಯವ್ವಾ?" ಎಂದು ಕೇಳಿ ನೋಡಿ. "ಏನಿಲ್ರಿ, ಮನ್ಯಾಗ ಇರ್ತೀನಿ" ಅನ್ನುತ್ತಾಳೆ. ಹಾಗೆ ಅಂದವಳು ನಸುಕಿನಾಗ ಎದ್ದು ಎಮ್ಮೆ ಹಿಂಡಿ ಹಾಲು ಹಾಕಿ ಬಂದಿರುತ್ತಾಳೆ. ಮಧ್ಯಾಹ್ನ ಎರಡು ಜಂಪರ್ ಹೊಲಿದಿರುತ್ತಾಳೆ. ಯಾರದೋ ಮದುವೆಮನೆಗೆ ಖಡಕ್ ರೊಟ್ಟಿ ಬಡಿದು ಬುಟ್ಟಿ ತುಂಬಿ ಕಳಿಸಿರುತ್ತಾಳೆ. ಅವಳ ಗಂಡ ಬಸ್ಟ್ಯಾಂಡಿನಲ್ಲಿ ಚಹಾದಂಗಡಿ ಇಟ್ಟಿದ್ದರೆ ಅದು ಧಂದೆ. ಇವಳ ದುಡಿತಕ್ಕೆ ಮಾತ್ರ ಹೆಸರಿಲ್ಲ, ಅವಳ ಬಾಯಲ್ಲೂ ಇಲ್ಲ. ನನ್ನನ್ನು ಹೆಚ್ಚು ನೋಯಿಸುವುದು ಈ ಕಡೆಯ ಮಾತು.

ಇದೇ ಊರಿನಲ್ಲಿ 950ರಲ್ಲಿ ಒಬ್ಬ ಹೆಣ್ಣುಮಗಳು ಬಸದಿ ಕಟ್ಟಿಸಿದಳು. ರಾಷ್ಟ್ರಕೂಟರ ಮೂರನೆಯ ಕೃಷ್ಣನ ಕಾಲ. ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ ಆ ಬಸದಿಗೆ ದಾನಶಾಲೆಯೂ ಹೊಂದಿಕೊಂಡಿತ್ತು. ರಾಷ್ಟ್ರಕೂಟರ ಕಾಲದ ದೊಡ್ಡ ಬಸದಿಗಳ ಸಾಲಿನಲ್ಲಿ ಅದನ್ನು ಎಣಿಸುತ್ತಾರೆ. ಅರಸರ ಹೆಸರು ಬಾಯಿಪಾಠ ಮಾಡಿಸುವ ನಾವು ಈಕೆಯ ಹೆಸರನ್ನು ನಮ್ಮ ಹುಡುಗಿಯರ ಕಿವಿಗೆ ಹಾಕಿದ್ದೇವೆಯೇ?

ಇದೇ ಗದಗ ಜಿಲ್ಲೆಯ ಲಕ್ಕುಂಡಿಯ ಅತ್ತಿಮಬ್ಬೆಯ ಹೆಸರಾದರೆ ಎಲ್ಲರಿಗೂ ಗೊತ್ತು. ಗಂಡ ನಾಗದೇವ ತೀರಿದಾಗ ಅವನ ಇನ್ನೊಬ್ಬ ಹೆಂಡತಿ, ಈಕೆಯ ಒಡಹುಟ್ಟಿದ ತಂಗಿ ಗುಂಡಮಬ್ಬೆ ಚಿತೆ ಏರಿದಳು. ಅತ್ತಿಮಬ್ಬೆ ಮಗನನ್ನು ಬೆಳೆಸಲು ಉಳಿದಳು. ರನ್ನನಿಂದ ಅಜಿತಪುರಾಣ ಬರೆಸಿದಳು, ಪೊನ್ನನ ಶಾಂತಿಪುರಾಣದ 1000 ಪ್ರತಿ ಮಾಡಿಸಿ ಹಂಚಿದಳು, ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು. ತಂಗಿಯ ಚಿತೆಯನ್ನು ಕಂಡವಳು ಬದುಕುವ ದಾರಿ ಹಿಡಿದಾಗ ಸುತ್ತಲಿನವರು ಏನೇನು ಅಂದಿರಬಹುದು! ಶಾಸನ ಅದನ್ನು ಹೇಳುವುದಿಲ್ಲ. ಆ ಮಾತುಗಳನ್ನು ದಾಟಿದ್ದು ಅವಳ ಎಲ್ಲ ದಾನಗಳಿಗಿಂತ ಮೊದಲಿನ ಕೆಲಸ ಎಂದು ನಾನು ನಂಬುತ್ತೇನೆ.

ಅವರು ದೊಡ್ಡ ಮನೆತನದವರು, ಕೈಯಲ್ಲಿ ಸಂಪತ್ತಿತ್ತು ಎನ್ನಬಹುದು. ಖರೆ. ಹಾಗಾದರೆ ಏನೂ ಇಲ್ಲದ ಮನೆಯ ಗಂಗೂಬಾಯಿ ಹಾನಗಲ್ಲರನ್ನು ನೋಡಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದರು. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಹಿಂದೂಸ್ತಾನಿ ಸಂಗೀತ ಕಲಿತರು. ದಾರಿಯಲ್ಲಿ ಹೋಗುವಾಗ "ಗಾನೇವಾಲಿ" ಎಂದು ಕೂಗಿ ನಕ್ಕವರಿದ್ದರು. ಅದು ಹೊರಗಿನ ಮುಳ್ಳು, ಕಣ್ಣಿಗೆ ಕಾಣುತ್ತದೆ. ಒಳಗಿನದು ಬೇರೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯವರ ಎದುರು ಸ್ವಾಗತಗೀತೆ ಹಾಡಿದ ಹುಡುಗಿ ಆಕೆ. ಅಂಥ ದಿನವೂ ಆ ಎಳೆಯ ಮನಸ್ಸಿನಲ್ಲಿ ಕೂತಿದ್ದ ಭಯವೆಂದರೆ, ಜಾತಿಯಲ್ಲಿ ಕೆಳಗಿನವಳೆಂದು ತನ್ನನ್ನು ಎಂಜಲೆಲೆ ತೆಗೆಯಲು ಹಚ್ಚಿಯಾರೇನೋ ಎಂಬುದು. ಅದನ್ನು ಮುಂದೆ ಅವರೇ ಹೇಳಿಕೊಂಡಿದ್ದಾರೆ. ಸಭೆಗೆ ಕೇಳಿಸಿದ್ದು ಹಾಡು, ಹುಡುಗಿಗೆ ಕೇಳಿಸುತ್ತಿದ್ದುದು ಆ ಭಯ. ವೇದಿಕೆ ಸಿಕ್ಕಿತಲ್ಲ, ಇನ್ನೇನು ತೊಂದರೆ ಎನ್ನುವವರಿಗೆ ಈ ಒಂದು ಸಂಗತಿ ಸಾಕು.

ಗಂಗೂಬಾಯಿಯವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಹಿಂದೂಸ್ತಾನಿ ಕಲಿಕೆಗೆ ತನ್ನ ಹಾಡಿಕೆ ಅಡ್ಡ ಬರಬಾರದೆಂದು ತಾನು ಹಾಡುವುದನ್ನೇ ನಿಲ್ಲಿಸಿದರು. ನಾನು ಇದನ್ನು ತ್ಯಾಗವೆಂದು ಹೊಗಳಿ ಮುಂದೆ ಹೋಗಲಾರೆ. ಒಬ್ಬಳ ದನಿ ಏರಬೇಕಾದರೆ ಇನ್ನೊಬ್ಬಳು ಸುಮ್ಮನಾಗಬೇಕಾದ ಲೆಕ್ಕ ಗಂಡಸರ ಮನೆತನಗಳಲ್ಲಿ ಎಷ್ಟು ಕಡೆ ನಡೆದಿದೆ? 1931ರಲ್ಲಿ ಲಂಡನ್ನಿನ ಹೆಂಗಸರ ಸಭೆಯೊಂದರಲ್ಲಿ ಲೇಖಕಿ ವರ್ಜೀನಿಯಾ ವುಲ್ಫ್, ತನಗಾಗಿ ಏನನ್ನೂ ಬಯಸದ ಆದರ್ಶ ಗೃಹಿಣಿಯ ನೆರಳು ಬರೆಯುವಾಗೆಲ್ಲ ಬಂದು ಕಾಡುತ್ತಿತ್ತು, ಅದನ್ನು ಕೊಲ್ಲದೆ ಬರೆಯಲಾಗಲಿಲ್ಲ ಎಂದರು. ನಮ್ಮಲ್ಲಿ ಆ ನೆರಳಿಗೆ ನಮ್ಮವ್ವನ ಮುಖವಿರುತ್ತದೆ. ಕೊಲ್ಲುವುದು ಹೇಗೆ? "ಯವ್ವಾ, ನೀನೂ ಒಂದೀಟು ಕುಂದ್ರು" ಎಂದು ಕೈಹಿಡಿದು ಕೂಡ್ರಿಸಬೇಕಷ್ಟೆ.

ಕೂಡ್ರಲು ಹೊತ್ತೆಲ್ಲಿದೆ? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 97 ನಿಮಿಷ, ಕೈಹಾಕುವವರಾದರೂ ನಾಲ್ವರಲ್ಲಿ ಒಬ್ಬರು. ಶಾಲೆಯಲ್ಲಿ, ಬ್ಯಾಂಕಿನಲ್ಲಿ, ಅಂಗನವಾಡಿಯಲ್ಲಿ ದುಡಿದು ಬಂದವಳು ಕತೆ ಬರೆಯುವುದು ಎಲ್ಲರೂ ಉಂಡು ಮಲಗಿದ ಮೇಲೆ. ಆಗ ಕಣ್ಣು ಎಳೆಯುತ್ತಿರುತ್ತದೆ. ಹಾಗೆ ಬರೆದದ್ದನ್ನು ಓದಿ "ಹೆಂಗಸರ ಬರವಣಿಗೆ, ಸ್ವಲ್ಪ ತೆಳು" ಎಂದು ತೀರ್ಪು ಕೊಡುವವರ ಮೇಲೆ ನನಗೆ ಸಿಟ್ಟಿದೆ.

2023ರ ಜೂನ್‌ನಲ್ಲಿ ಹೆಂಗಸರಿಗೆ ಪುಕ್ಕಟೆ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಒಂದು ಗಂಟು ಸಡಿಲಾಗಿದೆ. ಗದಗಿಗೋ ಗಜೇಂದ್ರಗಡಕ್ಕೋ ಹೋಗಲು ಈಗ ಬಸ್ ಚಾರ್ಜಿಗೆ ಯಾರ ಮುಂದೂ ಕೈ ಚಾಚಬೇಕಾಗಿಲ್ಲ. "ಎಷ್ಟೊತ್ತಿಗಿ ಬರ್ತಿ? ರೊಟ್ಟಿ ಯಾರು ಮಾಡ್ತಾರ?" ಎಂಬ ಪ್ರಶ್ನೆ ಮಾತ್ರ ಹೊಸ್ತಿಲಲ್ಲೇ ಇದೆ. ಅದಕ್ಕೆ ಯೋಜನೆ ತರುವುದು ಸರ್ಕಾರದ ಕೈಯಲ್ಲಿಲ್ಲ. ಗಂಡುಮಕ್ಕಳು ಒಂದು ಹೊತ್ತಿನ ಅಡುಗೆ ಕಲಿಯಬೇಕು, ಬ್ಯಾಸರವಿಲ್ಲದೆ, ಉಪಕಾರ ಮಾಡಿದಂತೆ ಹೇಳಿಕೊಳ್ಳದೆ.

ಹೆಸರಿಲ್ಲದ ದುಡಿತಗಳಲ್ಲಿ ಇನ್ನೊಂದು, ಕೌದಿ. ಹಳೆ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಬಣ್ಣದ ತುಂಡು ಹಚ್ಚಿ, ಅಂಚಿನಿಂದ ನಡುವಿಗೆ ಸಾಲು ಸಾಲು ಹೊಲಿಗೆ ಹಾಕುವ ಕೆಲಸ. ನಕ್ಷೆ ಯಾರೂ ಬರೆದುಕೊಡುವುದಿಲ್ಲ. ಯಾವ ಕೆಂಪಿನ ಪಕ್ಕ ಯಾವ ಹಸಿರು ಕೂಡಬೇಕು ಎಂಬ ನಿರ್ಧಾರ ಹೊಲಿಯುವವಳದು. ಇದು ಕಲೆಯಲ್ಲದಿದ್ದರೆ ಇನ್ಯಾವುದು ಕಲೆ? ಆದರೆ ರೇಟು ಕೇಳಿದರೆ, "ಕೊಟ್ಟಷ್ಟ ಕೊಡ್ರಿ ಅಕ್ಕಾರ, ನೀವೇನ್ ಹೊರಗಿನವರs?" ಎನ್ನುತ್ತಾಳೆ. ಆ ಸಂಕೋಚದ ಲಾಭವನ್ನು ನಾವೆಲ್ಲ ಪಡೆದಿದ್ದೇವೆ, ಒಂದು ಜಂಪರ್ ಪೀಸ್ ಕೊಟ್ಟು ಕೌದಿ ಮಡಚಿಕೊಂಡು ಬಂದಿದ್ದೇವೆ. ನಮ್ಮ ಓಣಿಯ ಒಬ್ಬಳ ಜೊತೆ ಕೂತು ದಾರದ ಖರ್ಚು ಬರೆದೆ. ಹಿಡಿದ ದಿನಗಳನ್ನು ಎಣಿಸಿ, ಕಳೆ ತೆಗೆಯಲು ಹೋದರೆ ಸಿಗುವ ಕೂಲಿಯಿಂದ ಗುಣಿಸಿದೆ. ಬಂದ ಮೊತ್ತ ನೋಡಿ ಅವಳು ಗಾಬರಿಯಾದಳು. "ಯಕ್ಕಾ, ಇಷ್ಟ್ ಹೇಳಿದ್ರ ಮಂದಿ ಏನಂದಾರು?"

ಮಂದಿ ಅಂದರೆ ನಾವೇ. ಈ ಬೇಸಿಗೆಗೆ ಕೌದಿ ಹೊಲಿಸುವವರು ಹಳೆ ಸೀರೆಯ ಗಂಟು ಒಯ್ಯುವಾಗಲೇ ರೇಟು ಮಾತಾಡಿರಿ, ಅರ್ಧ ರೊಕ್ಕ ಮೊದಲೇ ಅವಳ ಕೈಗೇ ಕೊಡಿರಿ. ಅವಳ ಗಂಡನ ಕೈಗೆ ಬೇಡ.